ಕೊನೆಯ ಕಂತು

ಆಂಟ್ವರ್ಪಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹಗಲಿಗೂ ಇರುಳಿಗೂ ಒಂದೇ ಬಣ್ಣ,
ಹೆಣದ ಹೊದಿಕೆಗೂ ಹಸುಗೂಸಿನ ಅಂಗಿಗೂ
ಒಂದೇ ಬಿಸಿನೀರು.
ಅಲ್ಲಿ, ಮೂರನೆಯ ಯಂತ್ರ ಬಟ್ಟೆ ಹಿಂಡುವಾಗ
ನನಗೇ ಗೊತ್ತಿಲ್ಲದೆ ಒಂದು ರಾಗ ಗುನುಗಿದೆ.
ದಿಂಬಿನ ಚೀಲ ಮಡಿಸುತ್ತಿದ್ದ ಬೊಗುಮಿವಾ
ತಲೆಯೆತ್ತಿ, ‘ಕಬ್ಬಿಣದ ಕುದುರೆ?’ ಎಂದಳು.

ಡುರಸ್ ಊರಲ್ಲಿ ನಾನಾಗ ಏಳು ವರ್ಷದವಳು.
ಕಡಲಾಚೆ ಇಟಲಿ. ಕಣ್ಣಿಗೆ ಕಾಣದು;
ಗಾಳಿ ಸುಮ್ಮನಿದ್ದ ಸಂಜೆ ಮಾತ್ರ
ನಮ್ಮ ಟಿವಿಯೊಳಗೆ ಬಂದು ಕೂರುತ್ತಿತ್ತು.
ಅಪ್ಪ ತಗಡಿನ ಡಬ್ಬಿಗೆ ತಂತಿ ಸುತ್ತಿ
ಕತ್ತಲಾದ ಮೇಲೆ ಆಂಟೆನಾಕ್ಕೆ ಕಟ್ಟುತ್ತಿದ್ದ,
ಬೆಳಕು ಹರಿಯುವ ಮೊದಲು ಬಿಚ್ಚುತ್ತಿದ್ದ,
ಕದ್ದ ಕೋಳಿಯ ಹಾಗೆ ಕೋಟಿನೊಳಗಿಟ್ಟು.
ಯಾರ ಆಂಟೆನಾ ಯಾವ ಕಡೆ ಮುಖ ಮಾಡಿದೆಯೆಂದು
ಬೀದಿಯಲ್ಲಿ ನಿಂತು ನೋಡುವವರಿದ್ದರು.
ಕುದುರೆ ಇಟಾಲಿಯನ್ ಮಾತಾಡುತ್ತಿತ್ತು.
ನಾನೂ ಕಲಿತೆ.
ಅದು ಹುಟ್ಟಿದ್ದು ಜಪಾನಿನಲ್ಲೆಂದು ತಿಳಿದದ್ದು
ಮೂವತ್ತು ತುಂಬಿದ ಮೇಲೆ.
ಸಾಕಿದವಳನ್ನೇ ಹೆತ್ತವಳೆಂದುಕೊಂಡಿದ್ದೆ.

ಬೊಗುಮಿವಾಳ ಪೋಲೆಂಡಿಗೆ ಬಂದದ್ದೂ ಅದೇ ಇಟಾಲಿಯನ್ ಕುದುರೆ,
ಹತ್ತು ವರ್ಷ ತಡವಾಗಿ.
ಆ ದನಿಗಳ ಮೇಲೆ ನೆಗಡಿಯಾದ ಒಬ್ಬ ಗಂಡಸು
ಎಲ್ಲರ ಮಾತನ್ನೂ ತಾನೇ ಓದುತ್ತಿದ್ದನಂತೆ:
ಹುಡುಗಿಯದು, ಖಳನದು, ಕುದುರೆಯದು.
‘ಅವಳು ಅತ್ತರೂ
ಅವನು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅಷ್ಟೇ.’

‘ನಮ್ಮಲ್ಲಿ ಅವಳ ಹೆಸರು ಕ್ಲೋಟಿಲ್ಡ್’
ಎಂದು ಓಡಿ ಬಂದಳು ರೂಬೆಯ ಸೊಲಾಂಜ್, ಕೈತುಂಬ ಸೋಪುನೊರೆ.
ಬುಧವಾರ ಶಾಲೆಯಿಲ್ಲ; ಬೀದಿಗೆ ಬೀದಿಯೇ ಟಿವಿಯ ಮುಂದೆ.
ಬಿಸ್ಕತ್ತಿನ ಡಬ್ಬಿಯ ಮೇಲೆ ಕುದುರೆ, ಒಳಚಡ್ಡಿಯ ಮೇಲೂ ಕುದುರೆ.
ಅವಳಪ್ಪನ ಗಿರಣಿ ಮುಚ್ಚಿದ ವರ್ಷವೂ
ಕುದುರೆ ಮಾತ್ರ ತಪ್ಪದೆ ಬಂತು.

ಗ್ರಿಮ್ಸ್‌ಬಿಯ ಕ್ಲೈವ್ ಕೇಳಿಯೇ ಇರಲಿಲ್ಲ.
ಅವನೂರಲ್ಲಿ ಇಂಥವು ಬಾಡಿಗೆ ಅಂಗಡಿಯ ಮೇಲಿನ ಕಪಾಟಿನಲ್ಲಿ,
ಬರೀ ರಕ್ತ, ಹದಿನೆಂಟರ ಕೆಂಪು ಮುದ್ರೆ.
‘ಕುದುರೆಗಾಗಿ ಅಳುವಂಥದೂ ಇತ್ತಾ?’ ಎಂದ.
ಮೇಲ್ವಿಚಾರಕಿ ಗೋಡೆಲೀವ್ ಇದೇ ಊರಿನವಳು.
ಎರಡು ಗುಂಡಿ ಆಚೆ ಒತ್ತಿದರೆ ಫ್ರೆಂಚ್ ಚಾನೆಲ್;
ಒತ್ತಿದ ಬೆರಳಿಗೆ ಅಜ್ಜನ ಬೆತ್ತ.

ಆಮೇಲೆ ಶುರುವಾಯಿತು ಜಗಳ, ಕೊನೆಯ ಕಂತಿನದು.
ನನ್ನದು ಮುಗಿದಿಲ್ಲ.
ಹೊಳೆಯಲ್ಲಿ ಕುದುರೆ ಮುಳುಗುತ್ತಿದೆ, ಹುಡುಗಿ ಕೈ ಚಾಚಿದ್ದಾಳೆ,
ಬಾಗಿಲು ಬಡಿದ ಸದ್ದು. ಅಪ್ಪ ಮಾಳಿಗೆಗೆ ಓಡಿದ.
ಪರದೆಯ ತುಂಬ ಬಿಳಿ ಇರುವೆ.
ಮೂವತ್ತೆಂಟು ವರ್ಷದಿಂದ ಆ ಕೈ ಹಾಗೇ ಇದೆ.
‘ಸತ್ತಳು’ ಎಂದಳು ಬೊಗುಮಿವಾ,
‘ಅವನು ಹವಾಮಾನ ವರದಿಯ ಹಾಗೆ ಓದಿಬಿಟ್ಟ.’
‘ಸುಳ್ಳು! ಬೆಳಿಗ್ಗೆ ಎದ್ದಳು, ಅಮ್ಮ ಹಾಲು ಕಾಯಿಸುತ್ತಿದ್ದಳು’
ಎಂದು ಸೊಲಾಂಜ್ ನನ್ನ ತೋಳು ಹಿಡಿದಳು.
ಯಾವ ಊರಿನ ಕತ್ತರಿ ಎಲ್ಲಿ ಆಡಿತೋ.

ತಾಲಿನ್ನಿನಿಂದ ಬಂದ ಹೊಸ ಹುಡುಗಿ ಕೈರಿ
ಅನಿಮೆ ನೋಡಿ ನೋಡಿಯೇ ಜಪಾನಿ ಕಲಿತವಳು.
ಫೋನಿನಲ್ಲಿ ಹುಡುಕಿದಳು.
‘ಇದೆ. ಸ್ಪೇನಿನಲ್ಲಿದೆ.
ಇಲ್ಲಿ ಬರೆದಿದೆ ನೋಡಿ: ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.’
ನನಗೆ ನಗು ಬಂತು.
ಈ ಮಾತು ನನಗೆ ಹಳೆಯ ಪರಿಚಯ,
ಆಗ ಬೂಟು ಹಾಕಿಕೊಂಡು ಬರುತ್ತಿತ್ತು.
‘ಉಪಾಯ ಇದೆ’ ಎಂದಳು ಕೈರಿ, ದನಿ ತಗ್ಗಿಸಿ,
‘ತಾನು ಮ್ಯಾಡ್ರಿಡ್ಡಿನಲ್ಲಿದ್ದೇನೆಂದು ಫೋನು ನಂಬಬೇಕು, ಅಷ್ಟೇ.’
ಗೋಡೆಲೀವ್ ಬೇಕೆಂದೇ ಗೋಡೆಯ ಕಡೆ ತಿರುಗಿದಳು.

ಅಪ್ಪಾ, ನಿನ್ನ ಡಬ್ಬಿ ಎಷ್ಟು ಸಣ್ಣದಾಗಿದೆ.

ಐದು ತಲೆ ಒಂದು ಅಂಗೈಯ ಸುತ್ತ.
ಪರದೆಯ ಮೇಲೆ ಪುಟ್ಟ ಬಳೆ ತಿರುಗುತ್ತಿದೆ, ತಿರುಗುತ್ತಲೇ ಇದೆ.
ಅಷ್ಟರಲ್ಲಿ ಮೂರನೆಯ ಯಂತ್ರ ನಿಂತು ಕೂಗಿತು.
‘ಬಂತು, ಬಂತು’ ಎಂದ ಕ್ಲೈವ್,
ನೋಡದ ಕುದುರೆಗಾಗಿ ಉಸಿರು ಹಿಡಿದು.
ನಾನು ನೋಡಲಿಲ್ಲ.
ಹಬೆಯಾಡುವ ಹೊದಿಕೆಯ ಒಂದು ತುದಿ ಎತ್ತಿ
ಇನ್ನೊಂದು ತುದಿಗೆ ಯಾರಾದರೂ ಬರಲೆಂದು
ಕೈ ಚಾಚಿ ನಿಂತೆ.